ಕಾಫಿ ಕಣದ ಚಿಪ್ ಕಾರ್ಡು, ನಾನು ಕೆಡಿಸಿದ ಏಳು

ಕೊಡಗಿನ ಗೋಣಿಕೊಪ್ಪಲಿನಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಇನ್ವರ್ಟರ್, ಸ್ಟೆಬಿಲೈಸರ್, ಆನೆ ಬೇಲಿಯ ಎನರ್ಜೈಸರ್, ಇವೇ ದಿನದ ಕೆಲಸ. ಚಿಪ್ ಕಾರ್ಡಿಗೂ ನನಗೂ ನಂಟು ಬೆಳೆದದ್ದು ಕಾಫಿಯಿಂದ.

ಅಮ್ಮತ್ತಿ ಕಡೆಯ ಒಂದು ತೋಟದಲ್ಲಿ ತೂಕದ ಮಿಷನ್ ಕೆಟ್ಟಿತ್ತು. ನಾನು ಹೋದಾಗ ಸಂಜೆ ಐದು ಗಂಟೆ. ರೋಬಸ್ಟಾ ಕೊಯ್ಲು ಜೋರಾಗಿ ನಡೆದಿತ್ತು. ಕಣದ ಪಕ್ಕ ಚೀಲಗಳ ಸಾಲು, ಚೀಲದ ಪಕ್ಕ ಕುಯ್ದವರ ಸಾಲು. ರೈಟರ್ ತೂಕ ಕೂಗುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಕೂಲಿ ಕೆ.ಜಿ. ಲೆಕ್ಕದಲ್ಲಿ, ಬಟವಾಡೆ ಶನಿವಾರ. ಅಷ್ಟರಲ್ಲಿ ಒಬ್ಬ ಅಕ್ಕ ರೇಗಿದರು. "ಬುಧವಾರ ನಂದು ನೂರಾ ಹತ್ತು ಕೆ.ಜಿ. ಇತ್ತು ರೈಟ್ರೇ, ತೊಂಬತ್ತೆಂಟು ಅಂತ ಯಾಕೆ ಬರ್ದಿದ್ದೀರಿ?" ರೈಟರ್ ಪುಸ್ತಕ ತೆರೆದು ತೋರಿಸಿದರು. ಆ ಅಕ್ಕನಿಗೆ ಓದಲು ಬರುವುದಿಲ್ಲ. ಬಂದಿದ್ದರೂ ಪುಸ್ತಕ ರೈಟರದ್ದು, ಪೆನ್ನೂ ರೈಟರದ್ದು, ಅಲ್ವಾ?

ಸಾಹುಕಾರರು ನನ್ನ ಕಡೆ ತಿರುಗಿ, "ಪ್ರತಿ ವರ್ಷ ಇದೇ ಗಲಾಟೆ. ನಿಮ್ಮತ್ರ ಏನಾದ್ರೂ ಉಪಾಯ ಇದ್ಯಾ?" ಎಂದರು.

ಫೋನಿನಲ್ಲಿ ಮಾಡೋಣ ಎಂದರೆ ತೋಟದೊಳಗೆ ನೆಟ್‌ವರ್ಕ್ ಇಲ್ಲ. ಸಿಲ್ವರ್ ಓಕ್ ಮರದ ಕೆಳಗೆ ನಿಂತು ಕೈ ಮೇಲೆತ್ತಿದರೆ ಒಂದು ಕಡ್ಡಿ ಬರುತ್ತದೆ, ಅಷ್ಟೇ. ಹಾಗಾಗಿ ಲೆಕ್ಕ ಕೆಲಸದವರ ಜೊತೆಯಲ್ಲೇ ಓಡಾಡಬೇಕು: ಒಬ್ಬೊಬ್ಬರಿಗೆ ಒಂದು ಕಾರ್ಡು, ತೂಗಿದ ತಕ್ಷಣ ಮಿಷನ್ನೇ ಅದರಲ್ಲಿ ಬರೆಯಬೇಕು. ನನ್ನ ಅಂಗಡಿಯ ಅಟ್ಟದಲ್ಲಿ ಯಾವುದೋ ನಿಂತುಹೋದ ಯೋಜನೆಯ 200 ಚಿಪ್ ಕಾರ್ಡ್ ಬಿದ್ದಿದ್ದವು. ಚಿನ್ನದ ಬಣ್ಣದ ಬಿಲ್ಲೆ ಇರುವ ಬಿಳಿ ಕಾರ್ಡು. ಒಳಗಿನ ಚಿಪ್ ಎಸ್‌ಎಲ್‌ಇ 4442. ಮೊದಲು ಸೀಮೆನ್ಸ್, ಆಮೇಲೆ ಇನ್ಫಿನಿಯಾನ್ ಹೆಸರಲ್ಲಿ ಬಂದ ಹಳೇ ಕಾಲದ ಚಿಪ್. ಇದನ್ನೇ ಆರಿಸಿದ್ದಕ್ಕೆ ದೊಡ್ಡ ತಾಂತ್ರಿಕ ಕಾರಣ ಏನೂ ಇಲ್ಲ. ಸುಮ್ನೆ ಕೈಯಲ್ಲಿತ್ತು.

ಇದರೊಳಗೆ ಪ್ರೊಸೆಸರ್ ಇಲ್ಲ. ಇರುವುದು 256 ಬೈಟ್ ಮೆಮೊರಿ (ಬಿಟ್ ಎಂದರೆ ಒಂದು 0 ಅಥವಾ 1, ಎಂಟು ಬಿಟ್ ಸೇರಿದರೆ ಒಂದು ಬೈಟ್), 32 ಬಿಟ್‌ನ ಒಂದು ರಕ್ಷಣೆ ಮೆಮೊರಿ, 4 ಬೈಟ್‌ನ ಒಂದು ಭದ್ರತೆ ಮೆಮೊರಿ. ಹೊರಗೆ ಬರುವ ತಂತಿಗಳಲ್ಲಿ ಕೆಲಸಕ್ಕೆ ಬರುವವು ಐದೇ: 5 ವೋಲ್ಟ್, ಗ್ರೌಂಡ್, ರೀಸೆಟ್, ಕ್ಲಾಕ್ (ಚಿಪ್‌ಗೆ ತಾಳ ಹಾಕುವ ತಂತಿ), ಡೇಟಾ. ಡೇಟಾ ಹೋಗುವುದೂ ಬರುವುದೂ ಅದೇ ಒಂದು ತಂತಿಯಲ್ಲಿ, ಒಂದೊಂದೇ ಬಿಟ್, ಬಲತುದಿಯ ಬಿಟ್ ಮೊದಲು. ನಾನು ಒಂದು ಆರ್ಡುಯಿನೋ ಊನೋ ಬೋರ್ಡ್ ತೆಗೆದುಕೊಂಡೆ, ನಾವು ಬರೆದ ಪ್ರೋಗ್ರಾಮ್ ನಡೆಸುವ ಪುಟ್ಟ ಬೋರ್ಡ್ ಅದು. ತೂಕಕ್ಕೆ ಭಾರ ಅಳೆಯುವ ಲೋಡ್‌ಸೆಲ್, ಅದರ ಹಿಂದೆ ಆ ಅಳತೆಯನ್ನು ಅಂಕಿ ಮಾಡಿಕೊಡುವ ಎಚ್‌ಎಕ್ಸ್ 711 ಚಿಪ್. ತೂಕದ ಭಾಗ ಎರಡು ದಿನದಲ್ಲಿ ಮುಗಿಯಿತು, ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ. ಕಾರ್ಡಿಗೆ ಎರಡು ತಿಂಗಳು ಹಿಡಿಯಿತು.

ಮೊದಲ ದಿನ ಖುಷಿಯ ದಿನ. ರೀಸೆಟ್ ಕೊಟ್ಟು ಕ್ಲಾಕ್ ಕುಟ್ಟಿದರೆ ಕಾರ್ಡ್ ತಾನಾಗಿಯೇ ನಾಲ್ಕು ಬೈಟ್ ಹೇಳುತ್ತದೆ: ಎ2, 13, 10, 91. (ಇವು ಹೆಕ್ಸ್ ಅಂಕಿ. ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆಯುವುದು, ಎಯಿಂದ ಎಫ್ ತನಕ ಅಕ್ಷರಗಳೂ ಇಲ್ಲಿ ಅಂಕಿಗಳೇ.) "ನಾನು ಇಂಥವನು" ಎಂದು ಪರಿಚಯ ಹೇಳಿಕೊಳ್ಳುವ ಹಾಗೆ. ಪರದೆಯ ಮೇಲೆ ಆ ನಾಲ್ಕು ಬಂದಾಗ ರಾತ್ರಿ ಹನ್ನೊಂದು. ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ.

ಆಮೇಲೆ ಓದುವ ಆಜ್ಞೆ. ಈ ಚಿಪ್‌ಗೆ ಯಾವ ಆಜ್ಞೆ ಕೊಟ್ಟರೂ ಮೂರು ಬೈಟ್. ಮೊದಲನೆಯದು ಏನು ಮಾಡಬೇಕು, ಎರಡನೆಯದು ಎಲ್ಲಿ, ಮೂರನೆಯದು ಏನನ್ನು. ಓದಲು ಹೆಕ್ಸ್ 30, ಜೊತೆಗೆ ಶುರುವಿನ ವಿಳಾಸ. ಅಲ್ಲಿಂದ ಕೊನೆಯ ತನಕ ಪೂರ್ತಿ ಮೆಮೊರಿ ಸುರಿದುಬಿಡುತ್ತದೆ. ಪಿನ್ ಕೇಳುವುದಿಲ್ಲ, ಯಾರು ನೀನು ಎಂದೂ ಕೇಳುವುದಿಲ್ಲ. ಇದನ್ನು ನೋಡಿ ನನಗೆ ಬೇಜಾರಾಯಿತು. ಭದ್ರತೆಯ ಚಿಪ್ ಅಂತ ಹೆಸರು, ಯಾರು ಬೇಕಾದರೂ ಓದಬಹುದು ಎಂದರೆ ಏನು ಭದ್ರತೆ? ಆ ಬೇಜಾರು ಆಮೇಲೆ ತಿರುವುಮುರುವಾಯಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬರೆಯಲು ಹೋದಾಗ ಮೊದಲ ಪೆಟ್ಟು. ಬರೆಯುವ ಆಜ್ಞೆ ಹೆಕ್ಸ್ 38. ಕೊಟ್ಟೆ, 5 ಮಿಲಿಸೆಕೆಂಡ್ ಕಾದೆ, ಓದಿದೆ. ಹಳೆಯದೇ ಇತ್ತು. ಪಿನ್ ಸರಿ ಇತ್ತು, ವಿಳಾಸ ಸರಿ ಇತ್ತು. ಮೂರು ಸಂಜೆ ಹೋಯಿತು. ತಪ್ಪು ಇದ್ದದ್ದು ನಾನು ಕಾಯುವ ರೀತಿಯಲ್ಲಿ. ಈ ಚಿಪ್ ಒಳಗೆ ಗಡಿಯಾರ ಇಲ್ಲ. ಅದಕ್ಕೆ ಹೊತ್ತು ಗೊತ್ತಾಗುವುದು ನಾವು ಕೊಡುವ ಕ್ಲಾಕ್ ಏಟುಗಳಿಂದ. ಒಂದು ಬೈಟ್ ಅಳಿಸಿ ಬರೆಯಲು 255 ಏಟು. ಅಳಿಸುವುದಷ್ಟೇ ಅಥವಾ ಬರೆಯುವುದಷ್ಟೇ ಆದರೆ 124. ನಾನು ಕ್ಲಾಕ್ ನಿಲ್ಲಿಸಿ ಸುಮ್ನೆ ಕೂತಿದ್ದೆ. ಭತ್ತ ಹಾಕಿ ಒನಕೆ ಎತ್ತದೆ ಅಕ್ಕಿ ಎಲ್ಲಿ ಎಂದು ನೋಡಿದ ಹಾಗೆ. ಕೆಲಸ ನಡೆಯುವ ತನಕ ಚಿಪ್ ಡೇಟಾ ತಂತಿಯನ್ನು ಕೆಳಗೆ ಎಳೆದು ಹಿಡಿದಿರುತ್ತದೆ. ಮುಗಿದ ಮೇಲೆ ಬಿಡುತ್ತದೆ. ಬಿಡುವ ತನಕ ಕ್ಲಾಕ್ ಕುಟ್ಟುತ್ತಲೇ ಇರಬೇಕು. ಅಷ್ಟು ಬದಲಿಸಿದೆ, ಬರೆಯಿತು.

ಅಳಿಸುವುದು ಬೇರೆ, ಬರೆಯುವುದು ಬೇರೆ ಎನ್ನುವುದೂ ನನಗೆ ಹೊಸತು. ಕಂಪ್ಯೂಟರಿನಲ್ಲಿ ಹಳೆಯದರ ಮೇಲೆ ಹೊಸತು ಬರೆದರೆ ಆಯಿತು ಅಂದುಕೊಂಡಿರುತ್ತೇವೆ. ಇಲ್ಲಿ ಬರೆಯುವುದು ಎಂದರೆ 1 ಇದ್ದ ಬಿಟ್ಟನ್ನು 0 ಮಾಡುವುದು. 0 ಇದ್ದದ್ದು ಮತ್ತೆ 1 ಆಗಬೇಕಾದರೆ ಆ ಇಡೀ ಬೈಟ್ ಅಳಿಸಬೇಕು. ಸ್ಲೇಟಿನಲ್ಲಿ ಗೀಟು ಎಳೆಯುವುದು ಸುಲಭ, ಒಂದೇ ಒಂದು ಗೀಟು ಒರೆಸಲು ಹೋದರೆ ಪಕ್ಕದ್ದೂ ಹೋಗುತ್ತದೆ, ಹಾಗೆ. ಹೊಸ ಕಾರ್ಡಿನಲ್ಲಿ ಖಾಲಿ ಜಾಗವೆಲ್ಲ ಎಫ್‌ಎಫ್, ಎಂದರೆ ಎಲ್ಲ ಬಿಟ್ಟೂ 1. ಅಲ್ಲಿಗೆ ಮೊದಲ ಸಲ ಬರೆಯುವಾಗ ಅಳಿಸುವ ಕೆಲಸವೇ ಇಲ್ಲ, ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಯಾವುದು ಬೇಕು ಎಂದು ಚಿಪ್ ತಾನೇ ನೋಡಿಕೊಳ್ಳುತ್ತದೆ.

ಈಗ ಏಳು ಕಾರ್ಡಿನ ಕಥೆ.

ಬರೆಯಬೇಕಾದರೆ ಮೊದಲು ಪಿನ್ ಕೊಡಬೇಕು. ಮೂರು ಬೈಟ್. ಹೊಸ ಕಾರ್ಡಿನಲ್ಲಿ ಮೂರೂ ಎಫ್‌ಎಫ್. ತಪ್ಪಿದರೆ ಮೂರು ಅವಕಾಶ. ಇಷ್ಟು ಎಟಿಎಂ ಕಾರ್ಡಿನ ಹಾಗೇ ಇದೆ. ಆದರೆ ಲೆಕ್ಕ ಇಡುವ ಕ್ರಮ ಬೇರೆ, ಅದೇ ಇದರ ಜಾಣತನ. ನಾವು ಅಂದುಕೊಳ್ಳುವುದು ಏನು? ಪಿನ್ ಕೊಡುತ್ತೇವೆ, ಚಿಪ್ ನೋಡುತ್ತದೆ, ತಪ್ಪಾಗಿದ್ದರೆ ಒಂದು ಅವಕಾಶ ಕಳೆಯುತ್ತದೆ. ಹಾಗೆ ಮಾಡಿದರೆ ಕಳ್ಳನಿಗೆ ಸುಲಭ. ತಪ್ಪು ಎಂದು ಗೊತ್ತಾದ ಕ್ಷಣಕ್ಕೆ, ಲೆಕ್ಕ ಕಳೆಯುವ ಮೊದಲೇ ಕರೆಂಟ್ ಕಿತ್ತರೆ ಆಯಿತು. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು.

ಇಲ್ಲಿ ಹಾಗಲ್ಲ. ಮೊದಲು ಅವಕಾಶ ಕಳೆದುಕೊಳ್ಳಬೇಕು, ಆಮೇಲೆ ಪಿನ್ ಹೇಳಬೇಕು. ಭದ್ರತೆ ಮೆಮೊರಿಯ ಮೊದಲ ಬೈಟ್‌ನಲ್ಲಿ ಮೂರು ಬಿಟ್ ಇವೆ. ಮೂರೂ 1 ಇದ್ದರೆ ಅಂಕಿ 7, ಎಡದಿಂದ ಒಂದೊಂದೇ 0 ಮಾಡುತ್ತಾ ಹೋದರೆ 3, 1, 0. ನಾವೇ ಹೆಕ್ಸ್ 39 ಆಜ್ಞೆ ಕೊಟ್ಟು ಅದರಲ್ಲಿ ಒಂದು ಬಿಟ್ಟನ್ನು 0 ಮಾಡಬೇಕು. ಆಮೇಲೆ ಹೆಕ್ಸ್ 33 ಕೊಟ್ಟು ಪಿನ್ನಿನ ಮೂರು ಬೈಟ್ ಒಂದೊಂದಾಗಿ ಹೇಳಬೇಕು. ಕೊನೆಗೆ ಆ ಲೆಕ್ಕದ ಬೈಟಿಗೆ ಎಫ್‌ಎಫ್ ಬರೆಯಲು ಹೋಗಬೇಕು. ಪಿನ್ ಸರಿ ಇದ್ದರೆ ಅದು ಅಳಿಸಲು ಬಿಡುತ್ತದೆ, ಮತ್ತೆ 7 ಆಗುತ್ತದೆ. ತಪ್ಪಿದ್ದರೆ ಬಿಡುವುದಿಲ್ಲ. ಸರಿಯೋ ತಪ್ಪೋ ಎಂದು ಚಿಪ್ ಬಾಯಿಬಿಟ್ಟು ಹೇಳುವುದಿಲ್ಲ. ಲೆಕ್ಕ ವಾಪಸ್ 7 ಆಯಿತೇ ಎಂದು ನಾವೇ ಓದಿ ನೋಡಬೇಕು. ಪಿನ್ ಓದಲು ಹೋದರೆ, ಸರಿಯಾದ ಪಿನ್ ಕೊಡುವ ತನಕ ಆ ಮೂರು ಬೈಟ್ ಸೊನ್ನೆಯಾಗಿ ಕಾಣುತ್ತವೆ. ಅಡವು ಇಟ್ಟು ಸಾಲ ಕೇಳಿದ ಹಾಗೆ. ಮಾತು ಉಳಿಸಿಕೊಂಡರೆ ಅಡವು ವಾಪಸ್.

ನಾನು ಮೊದಲ ಕಾರ್ಡಿನ ಪಿನ್ ಬದಲಿಸಿದೆ. ಎಲ್ಲ ಕಾರ್ಡಿಗೂ ಒಂದೇ ಪಿನ್, 27 41 83 ಎಂದು ಇಟ್ಟುಕೊಂಡಿದ್ದೆ. (ಈಗ ಅದಿಲ್ಲ, ಯಾರೂ ಆಸೆ ಪಡಬೇಡಿ.) ಬದಲಿಸುವ ಚಿಕ್ಕ ಪ್ರೋಗ್ರಾಮಿನಲ್ಲಿ ಅದನ್ನು ಹೆಕ್ಸ್‌ನಲ್ಲಿ ಬರೆದಿದ್ದೆ. ತೂಕದ ಮಿಷನ್ನಿನ ಪ್ರೋಗ್ರಾಮಿನಲ್ಲಿ ಸಾದಾ ಅಂಕಿಯಾಗಿ ಬರೆದಿದ್ದೆ. ಸಾದಾ 27 ಎಂದರೆ ಹೆಕ್ಸ್‌ನಲ್ಲಿ 1ಬಿ. ಎರಡು ಬೇರೆ ಬೇರೆ ಪಿನ್. ಇಷ್ಟೇ ಆಗಿದ್ದರೆ ಒಂದು ಅವಕಾಶ ಹೋಗುತ್ತಿತ್ತು, ತಲೆ ಕೆರೆದುಕೊಂಡು ಹುಡುಕುತ್ತಿದ್ದೆ. ಆದರೆ ನಾನು ಒಂದು ಬುದ್ಧಿವಂತಿಕೆ ಮಾಡಿದ್ದೆ. ಕಾರ್ಡ್ ಸರಿಯಾಗಿ ಕೂರದಿದ್ದರೆ ತೊಂದರೆ ಆಗಬಾರದು ಎಂದು, ಸೋತರೆ ಮತ್ತೆ ಪ್ರಯತ್ನಿಸು, ಮೂರು ಸಲ, ಎಂದು ಬರೆದಿಟ್ಟಿದ್ದೆ. ಕಾರ್ಡ್ ಹಾಕಿದೆ. ಪರದೆಯ ಮೇಲೆ 7, 3, 1, 0. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಕಾರ್ಡೇ ಸರಿ ಇಲ್ಲ ಅಂದುಕೊಂಡೆ. ಅಟ್ಟದಲ್ಲಿ ಇದ್ದದ್ದು ಅಲ್ವಾ, ಹಳೇ ಸ್ಟಾಕು. ಇನ್ನೊಂದಕ್ಕೆ ಪಿನ್ ಬದಲಿಸಿ ಹಾಕಿದೆ. 7, 3, 1, 0. ಸಾಕೆಟ್ ಸಂಪರ್ಕ ಒರೆಸಿದೆ, ಮೂರನೆಯದು ಹಾಕಿದೆ. ಹೀಗೇ ಏಳು. ಎಂಟನೆಯದಕ್ಕೆ ಕೈ ಹಾಕುವಾಗ ಹೆಂಡತಿ ಊಟಕ್ಕೆ ಕರೆದಳು. ಅಕ್ಕಿರೊಟ್ಟಿ ಮುರಿಯುತ್ತಾ ಇರುವಾಗ ಹೊಳೆಯಿತು: ಏಳೂ ಕಾರ್ಡ್ ಒಂದೇ ಥರ ಕೆಡುತ್ತಿವೆ ಎಂದರೆ ಕೆಟ್ಟಿರುವುದು ಕಾರ್ಡ್ ಅಲ್ಲ. ಕೈ ತೊಳೆದು ಬಂದು ನೋಡಿದೆ. ಹತ್ತು ನಿಮಿಷದಲ್ಲಿ ಸಿಕ್ಕಿತು.

ಲೆಕ್ಕ 0 ಆದ ಮೇಲೆ ಆ ಕಾರ್ಡಿಗೆ ದಾರಿ ಇಲ್ಲ. ಸರಿಯಾದ ಪಿನ್ ಗೊತ್ತಿದ್ದರೂ ಇಲ್ಲ. ಅಳಿಸಲು ಅನುಮತಿ ಬೇಕು, ಅನುಮತಿಗೆ ಅಡವಿಡಲು ಒಂದು ಬಿಟ್ ಬೇಕು, ಆ ಬಿಟ್ ಉಳಿದಿಲ್ಲ. ಓದಲು ಮಾತ್ರ ಬರುತ್ತದೆ. ಏಳನ್ನೂ ಎಸೆದಿಲ್ಲ. ಸಾಕೆಟ್ ಸರಿ ಇದೆಯೇ ಎಂದು ನೋಡಲು ಈಗಲೂ ಅವನ್ನೇ ಹಾಕುತ್ತೇನೆ. ಏನು ಮಾಡಿದರೂ ಇನ್ನು ಕೆಡುವುದಿಲ್ಲವಲ್ಲ.

ಆವತ್ತಿನಿಂದ ನನ್ನ ಪ್ರೋಗ್ರಾಮಿನಲ್ಲಿ ಮೊದಲ ಸಾಲು ಭದ್ರತೆ ಮೆಮೊರಿ ಓದುವುದು. ಲೆಕ್ಕ 7 ಇಲ್ಲದಿದ್ದರೆ ಮಿಷನ್ ನಿಲ್ಲುತ್ತದೆ, ಬೀಪ್ ಹೊಡೆಯುತ್ತದೆ, ರೈಟರ್ ಗುಂಡಿ ಒತ್ತಿದರೆ ಮಾತ್ರ ಮುಂದೆ. ಒಂದೇ ಅವಕಾಶ ಉಳಿದಿದ್ದರೆ ಗುಂಡಿ ಒತ್ತಿದರೂ ಮುಟ್ಟುವುದಿಲ್ಲ. ಕಾರ್ಡ್ ನನ್ನ ಅಂಗಡಿಗೆ ಬರಬೇಕು.

ಇನ್ನೊಂದು, ಮತ್ತೆ ಹಿಂದಕ್ಕೆ ಬಾರದ ಕೆಲಸ: ರಕ್ಷಣೆ ಬಿಟ್. ಮೊದಲ 32 ಬೈಟಿಗೆ ಒಂದೊಂದು ಬಿಟ್. ಅದನ್ನು ಹೊಡೆದರೆ ಆ ಬೈಟ್ ಶಾಶ್ವತ, ಪಿನ್ ಇದ್ದರೂ ಬದಲಾಗದು. ಕೆಲಸದವರ ನಂಬರನ್ನು ನಾನು ಅಲ್ಲಿಟ್ಟೆ. ಈ ಆಜ್ಞೆ, ಹೆಕ್ಸ್ 3ಸಿ, ನನಗೆ ತುಂಬಾ ಇಷ್ಟ. ಸುಮ್ನೆ "ಬೀಗ ಹಾಕು" ಎಂದರೆ ಹಾಕುವುದಿಲ್ಲ. ಅಲ್ಲಿ ಏನಿದೆ ಎಂದು ನಾವು ಹೇಳಬೇಕು. ಹೇಳಿದ್ದೂ ಒಳಗಿರುವುದೂ ಒಂದೇ ಆದರೆ ಮಾತ್ರ ಬೀಗ ಬೀಳುತ್ತದೆ. ತಪ್ಪು ಬರೆದು ಅದಕ್ಕೇ ಬೀಗ ಹಾಕಿಕೊಳ್ಳುವ ನನ್ನಂಥವರನ್ನು ನೆನೆಸಿಕೊಂಡೇ ಮಾಡಿದ ಹಾಗಿದೆ.

ಇನ್ನು ಕಣದ ಕಷ್ಟಗಳು. ಅಂಗಡಿಯ ಮೇಜಿನ ಮೇಲೆ ಎಲ್ಲ ಸರಿ ನಡೆದದ್ದು ತೋಟದಲ್ಲಿ ಮೊದಲ ಸಂಜೆಯೇ ಕೆಟ್ಟಿತು. ಹಣ್ಣು ಕುಯ್ದ ಕೈ ಎಂದರೆ ಅಂಟು. ಆ ಅಂಟು ಕಾರ್ಡಿನ ಬಿಲ್ಲೆಗೆ, ಬಿಲ್ಲೆಯಿಂದ ಸಾಕೆಟ್ಟಿನ ಸ್ಪ್ರಿಂಗಿಗೆ. ಮೂವತ್ತನೇ ಕಾರ್ಡಿಗೆ ಪರಿಚಯದ ನಾಲ್ಕು ಬೈಟೂ ಬರಲಿಲ್ಲ. ಈಗ ಮಿಷನ್ ಪಕ್ಕ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಕಟ್ಟಿಟ್ಟಿದ್ದಾರೆ. ಒರೆಸಿ ಹಾಕುತ್ತಾರೆ. ಇದಕ್ಕಿಂತ ದೊಡ್ಡ ಉಪಾಯ ನನಗೆ ಸಿಗಲಿಲ್ಲ, ಬೇಕಾಗಲೂ ಇಲ್ಲ.

ದೊಡ್ಡ ತಲೆನೋವು, ಬರೆಯುತ್ತಿರುವಾಗಲೇ ಕಾರ್ಡ್ ಎಳೆಯುವುದು. ಕತ್ತಲಾಗುತ್ತಿದೆ, ಲೈನ್ ಮನೆಗೆ (ತೋಟದ ಕೆಲಸದವರ ಸಾಲುಮನೆಗೆ) ಹೋಗಿ ಒಲೆ ಹಚ್ಚಬೇಕು, ಯಾರು ಬೀಪ್‌ಗೆ ಕಾಯುತ್ತಾರೆ? ಲೆಕ್ಕ ಹಾಕಿ ನೋಡಿದೆ. ಈ ಚಿಪ್‌ಗೆ ಕ್ಲಾಕ್ 7ರಿಂದ 50 ಕಿಲೋಹರ್ಟ್ಸ್ ಒಳಗಿರಬೇಕು. ನಾನು 25 ಇಟ್ಟಿದ್ದೆ. 255 ಏಟಿಗೆ ಸುಮಾರು 10 ಮಿಲಿಸೆಕೆಂಡ್, ಆಜ್ಞೆಯ 24 ಬಿಟ್‌ಗೆ ಇನ್ನೊಂದು. ನನ್ನ ಒಂದು ದಾಖಲೆ 16 ಬೈಟ್. ಎಲ್ಲ ಸೇರಿ ಹತ್ತಿರ ಹತ್ತಿರ 180 ಮಿಲಿಸೆಕೆಂಡ್. ಕರೆಂಟ್ ಹೋದರೂ ಅಷ್ಟು ಹೊತ್ತು ತಡೆಯಲಿ ಎಂದು 4700 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಹಾಕಿದ್ದೆ. ಬೋರ್ಡ್, ಡಿಸ್‌ಪ್ಲೇ ಸೇರಿ 100 ಮಿಲಿಆಂಪ್ ಎಳೆದರೆ ಅದು 5 ವೋಲ್ಟಿನಿಂದ ನಾಲ್ಕೂವರೆಗೆ ಇಳಿಯಲು 23 ಮಿಲಿಸೆಕೆಂಡ್ ಸಾಕು. ಎರಡು ಬೈಟಿಗೆ ಆಯಿತು! ಅದೂ ಕರೆಂಟ್ ಹೋದಾಗ. ಕಾರ್ಡನ್ನೇ ಎಳೆದರೆ ಎಂಥ ಕೆಪಾಸಿಟರ್ ಇದ್ದು ಏನು ಉಪಯೋಗ?

ಒಮ್ಮೆ ಹಾಗೆಯೇ ಆಯಿತು. ವಾರದ ಮೊತ್ತ ಎರಡು ಬೈಟ್. ಒಂದು ಬೈಟ್ ಹೊಸದು, ಇನ್ನೊಂದು ಹಳೆಯದು ಆಗಿ, 512 ಕೆ.ಜಿ. ಆಗಬೇಕಾದದ್ದು 256 ಆಗಿ ಕೂತಿತು. ಆ ಅಣ್ಣ ಕಾರ್ಡನ್ನು ನನ್ನ ಮುಖದ ಮುಂದೆ ಹಿಡಿದು, "ಪುಸ್ತಕವೇ ವಾಸಿ ಇತ್ತು" ಎಂದರು. ಸರಿಯಾದ ಮಾತೇ.

ಆಗ ಜಾಗ ಎರಡು ಮಾಡಿದೆ. ಎಡದ ಮನೆ, ಬಲದ ಮನೆ ಎಂದುಕೊಳ್ಳಿ. ಪ್ರತಿ ಮನೆಯಲ್ಲಿ ಒಂದು ಸರದಿ ಸಂಖ್ಯೆ, ತಾರೀಖು, ಇವತ್ತಿನ ತೂಕ, ವಾರದ ಮೊತ್ತ, ಕೊನೆಯಲ್ಲಿ ತಾಳೆ ನೋಡುವ ಒಂದು ಮೊತ್ತ. ಹೊಸ ತೂಕ ಬಂದಾಗ ಯಾವುದು ಹಳೇ ಮನೆಯೋ ಅದರ ಮೇಲೆ ಮಾತ್ರ ಬರೆಯುತ್ತೇನೆ. ತಾಳೆ ಬೈಟ್ ಎಲ್ಲಕ್ಕಿಂತ ಕೊನೆಗೆ. ಮಧ್ಯದಲ್ಲಿ ಕಾರ್ಡ್ ಎಳೆದರೆ ಆ ಮನೆ ತಾಳೆ ಆಗುವುದಿಲ್ಲ, ಇನ್ನೊಂದು ಮನೆಯ ಲೆಕ್ಕ ಗಟ್ಟಿಯಾಗಿ ಉಳಿದಿರುತ್ತದೆ. ಕಾರ್ಡ್ ಮತ್ತೆ ಹಾಕಿದರೆ ಮಿಷನ್ನೇ ಗುರುತಿಸಿ ಪುನಃ ಬರೆಯುತ್ತದೆ. ಬರೆದ ಮೇಲೆ ಪೂರ್ತಿ ಓದಿ ತಾಳೆ ನೋಡಿದ ನಂತರವೇ ಬೀಪ್.

ಇಷ್ಟಾದ ಮೇಲೆ ಭದ್ರತೆಯ ಮಾತು, ಇದ್ದದ್ದು ಇದ್ದ ಹಾಗೆ ಹೇಳಬೇಕು. ಪಿನ್ ಡೇಟಾ ತಂತಿಯಲ್ಲಿ ಬೆತ್ತಲೆಯಾಗಿ ಹೋಗುತ್ತದೆ. ತಂತಿಯಲ್ಲಿ ಹೋಗುವ ಬಿಟ್ ತೋರಿಸುವ ಲಾಜಿಕ್ ಅನಲೈಸರ್ ಸಿಕ್ಕಿಸಿದರೆ ಕಾಣುತ್ತದೆ. ಅದಕ್ಕೇ ಎಲ್ಲ ಕಾರ್ಡಿಗೂ ಒಂದೇ ಪಿನ್ ಇಡುವುದನ್ನು ಬಿಟ್ಟೆ. ಕಾರ್ಡ್ ನಂಬರನ್ನೂ ಮಿಷನ್ನಿನೊಳಗಿನ ಒಂದು ಗುಟ್ಟಿನ ಸಂಖ್ಯೆಯನ್ನೂ ಕಲಸಿ ಪ್ರತಿ ಕಾರ್ಡಿಗೆ ಬೇರೆ ಪಿನ್ ಹುಟ್ಟಿಸುತ್ತೇನೆ. ಒಂದು ಹೋದರೆ ಒಂದೇ ಹೋಯಿತು. ಇನ್ನೊಂದು ವಿಷಯ: ಒಮ್ಮೆ ಸರಿಯಾದ ಪಿನ್ ಕೊಟ್ಟರೆ ಕರೆಂಟ್ ತೆಗೆಯುವ ತನಕ ಬರೆಯುವ ಬಾಗಿಲು ತೆರೆದೇ ಇರುತ್ತದೆ. ಆದ್ದರಿಂದ ಕೆಲಸ ಮುಗಿದ ತಕ್ಷಣ ಒಂದು ಟ್ರಾನ್ಸಿಸ್ಟರ್‌ನಿಂದ ಕಾರ್ಡಿನ 5 ವೋಲ್ಟ್ ಕಡಿಯುತ್ತೇನೆ.

ಇದಕ್ಕಿಂತ ಗಟ್ಟಿ ಚಿಪ್ ಯಾಕೆ ಹಾಕಲಿಲ್ಲ ಎಂದು ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಕೇಳಿದ. ಹಾಕಬಹುದು. ಆಟ್ಮೆಲ್‌ನ ಕ್ರಿಪ್ಟೊಮೆಮೊರಿ ಚಿಪ್‌ಗಳಲ್ಲಿ ರೀಡರೂ ಕಾರ್ಡೂ ಒಬ್ಬರನ್ನೊಬ್ಬರು ಪರೀಕ್ಷೆ ಮಾಡಿಕೊಳ್ಳುತ್ತವೆ, ಗುಟ್ಟು ತಂತಿಯಲ್ಲಿ ನೇರವಾಗಿ ಹೋಗುವುದಿಲ್ಲ. ಆದರೆ 2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಆ ಗೂಢಲಿಪಿಯನ್ನೂ ಬಿಚ್ಚಿಟ್ಟರು. ಅದು ಕೆಟ್ಟ ಚಿಪ್ ಎಂದು ನಾನು ಹೇಳುತ್ತಿಲ್ಲ. ವಾರದ ಕೆ.ಜಿ. ಲೆಕ್ಕಕ್ಕೆ ಯಾರೂ ಲ್ಯಾಬ್ ಹಿಡಿದುಕೊಂಡು ತೋಟಕ್ಕೆ ಬರುವುದಿಲ್ಲ. ಮಿಷನ್ನಿನೊಳಗೂ ಒಂದು ಮೆಮೊರಿ ಕಾರ್ಡಿನಲ್ಲಿ ಅದೇ ಲೆಕ್ಕ ಇರುತ್ತದೆ. ಎರಡೂ ತಾಳೆ ಆಗದಿದ್ದರೆ ಶನಿವಾರದ ಮೊದಲೇ ಗೊತ್ತಾಗುತ್ತದೆ.

ಈಗ, ಮೊದಲು ಬೇಜಾರು ಮಾಡಿಸಿದ ಆ ಓದುವ ವಿಷಯ. ಓದಲು ಪಿನ್ ಬೇಡ ಎಂದರೆ, ಓದುವ ಪೆಟ್ಟಿಗೆಯೊಳಗೆ ಗುಟ್ಟು ಇಡುವ ಅಗತ್ಯವೇ ಇಲ್ಲ. ಹಾಗಾದರೆ ಅದನ್ನು ಎಲ್ಲಿ ಬೇಕಾದರೂ ಬಿಟ್ಟು ಬರಬಹುದು, ಯಾರು ಬೇಕಾದರೂ ಬಿಚ್ಚಲಿ! ಒಂದು ಸಾಕೆಟ್, ಒಂದು ಬೋರ್ಡ್, ದೊಡ್ಡ ಕೆಂಪು ಅಂಕಿಯ ಡಿಸ್‌ಪ್ಲೇ, ಒಂದು ಬ್ಯಾಟರಿ. ಪ್ಲಾಸ್ಟಿಕ್ ಊಟದ ಡಬ್ಬಿಯೊಳಗೆ ಕೂರಿಸಿ ಲೈನ್ ಮನೆಯ ಜಗಲಿಯಲ್ಲಿ ಮೊಳೆ ಹೊಡೆದು ಬಂದೆ. ಕಾರ್ಡ್ ಹಾಕಿದರೆ ಮೊದಲು ಇವತ್ತಿನ ಕೆ.ಜಿ., ಮೂರು ಸೆಕೆಂಡ್ ಬಿಟ್ಟು ವಾರದ ಕೆ.ಜಿ. ಓದಲು ಬಾರದವರಿಗೂ ಅಂಕಿ ಗೊತ್ತಾಗುತ್ತದೆ. ಮಕ್ಕಳು ಅಮ್ಮನ ಕಾರ್ಡ್ ಕಸಿದುಕೊಂಡು ಓಡಿ ಬಂದು ಹಾಕಿ ಕೂಗಿ ಹೇಳುತ್ತವೆ. ರೈಟರ್ ಬರೆಯುವಾಗ ತಪ್ಪಾದರೆ ಅದೇ ರಾತ್ರಿ ಗೊತ್ತಾಗುತ್ತದೆ, ಬುಧವಾರದ ಜಗಳ ಶನಿವಾರಕ್ಕೆ ಉಳಿಯುವುದಿಲ್ಲ.

ಮಾರ್ಚ್‌ನಲ್ಲಿ, ಹೂ ಮಳೆ ಬಿದ್ದ ಮರುದಿನ, ಮಿಷನ್ ವಾಪಸ್ ತರಲು ಹೋಗಿದ್ದೆ. ಕೊಯ್ಲು ಮುಗಿಯುತ್ತಾ ಬಂದಿತ್ತು. ಆ ಮೊದಲ ದಿನ ರೇಗಿದ ಅಕ್ಕ ಕಾರ್ಡನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದರು. ಬಿಚ್ಚಿ, ಒರೆಸಿ, ಹಾಕಿ, ಅಂಕಿ ನೋಡಿ, ರೈಟರ್ ಕಡೆ ತಿರುಗಿದರು. "ಅದೆಲ್ಲ ಸರಿ ರೈಟ್ರೇ. ಚೀಲದ ತೂಕ ಅಂತ ಒಂದು ಕೆ.ಜಿ. ಕಳೀತೀರಲ್ಲ, ಗೋಣಿ ಚೀಲಕ್ಕೂ ಒಂದು, ಈ ಪ್ಲಾಸ್ಟಿಕ್ ಚೀಲಕ್ಕೂ ಒಂದಾ?"

ರೈಟರ್ ನನ್ನನ್ನು ನೋಡಿದರು. ನಾನು ಖಾಲಿ ಪ್ಲಾಸ್ಟಿಕ್ ಚೀಲ ಒಂದನ್ನು ಮಡಚಿ ಮಿಷನ್ ಮೇಲೆ ಇಟ್ಟೆ. 0.12 ಎಂದು ತೋರಿಸಿತು. ಮುಂದಿನ ಕೊಯ್ಲಿಗೆ ಇನ್ನೊಂದು ಗುಂಡಿ ಹಾಕಬೇಕು.